ಸದರಿ ಎಂಬ ಊರು

ಯಾವ ಕಾಗದ ಕೈಗೆ ಕೊಟ್ಟರೂ ಅವರು ಮೊದಲು ಅದರ ಬೆನ್ನು ನೋಡುತ್ತಿದ್ದರು. ಆಮೇಲೆ ಮಡಿಕೆ. ಎಷ್ಟು ಸಲ ಮಡಿಸಿದ್ದಾರೆ, ಎಲ್ಲಿ ಬೆವರು ತಾಗಿದೆ, ಎಲ್ಲಿ ಎಲೆ ಅಡಿಕೆಯ ಕಲೆ ಇದೆ. ಕೊನೆಗೆ ಕಾಗದವನ್ನು ಮುಂದಕ್ಕೆ ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಮೂಗಿನ ಹತ್ತಿರ ತಂದು ಓದುತ್ತಿದ್ದರು. ಕನ್ನಡಕ ಇರುವುದೇ ಹಣೆಗೇರಿಸಲಿಕ್ಕೆ ಎಂದು ನಮ್ಮ ಆಫೀಸಿನ ಹುಡುಗಿಯರು ತಿಳಿದಿದ್ದರು.

ಹೋದ ತಿಂಗಳು ಒಂದು ಕಚೇರಿಯ ಕೌಂಟರಿನಲ್ಲಿ ಅರ್ಜಿ ತುಂಬಿ ಕೊಟ್ಟೆ. ಅಲ್ಲಿದ್ದ ಹುಡುಗಿ ಅದನ್ನು ಒಂದು ಯಂತ್ರದ ಬಾಯಿಗೆ ಇಟ್ಟಳು. ರೆಪ್ಪೆ ಬಡಿಯುವಷ್ಟರಲ್ಲಿ ನನ್ನ ಹೆಸರು, ವಯಸ್ಸು, ವಿಳಾಸ ಎಲ್ಲ ಕಾಗದದಿಂದ ಕಳಚಿಕೊಂಡು ಪರದೆಯ ಮೇಲೆ ತಮ್ಮ ತಮ್ಮ ಮನೆಯಲ್ಲಿ ಕುಳಿತಿದ್ದವು.

"ಯಾವುದು ಹೆಸರು, ಯಾವುದು ಊರು ಅಂತ ಅದಕ್ಕೆ ಹೇಗೆ ತಿಳೀತಮ್ಮ?" ಎಂದು ಕೇಳಿದೆ.

"ಸಾಫ್ಟ್‌ವೇರ್ ಐತಲ್ರಿ ಅಮ್ಮಾ, ಅದಕ್ಕೆಲ್ಲಾ ಗೊತ್ತಾಗ್ತೈತಿ" ಎಂದಳು.

ಇದನ್ನು ಅವರಿಗೆ ಹೇಳಬೇಕು, ಕೇಳಿದರೆ ನಗುತ್ತಾರೆ ಎಂದುಕೊಂಡು ಮನೆಗೆ ಬಂದೆ. ಸಂಜೆ ಕುರುಗೋಡಿನಿಂದ ಅವರ ಮಗಳ ಫೋನು ಬಂತು. ತೊಂಬತ್ತು ದಾಟಿದ ಜೀವ, ಬೆಳಿಗ್ಗೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಹೋಗಿತ್ತು.

ನಾನು ಅವರನ್ನು ಕಂಡದ್ದು ಎಂಬತ್ತರ ದಶಕದ ಆರಂಭದಲ್ಲಿ. ಆಗ ಬಳ್ಳಾರಿಯ ಒಂದು ಪಂಚಿಂಗ್ ಆಫೀಸಿಗೆ ನಾನು ಮೇಲ್ವಿಚಾರಕಿ. ಆಫೀಸೆಂದರೆ ಒಂದು ಮಹಡಿಯ ಹಾಲು, ಐದು ಪಂಚಿಂಗ್ ಯಂತ್ರ, ಆರು ಹುಡುಗಿಯರು. ಕಿಟಕಿ ತೆರೆದರೆ ಕೋಟೆಗುಡ್ಡದ ಬಿಸಿ ನೇರ ಒಳಗೆ ಬರುತ್ತಿತ್ತು. ಬೀಜದ ಭತ್ತದ ವ್ಯವಹಾರ ನೋಡುವ ಒಂದು ಸಂಸ್ಥೆ ನಮಗೆ ಕೆಲಸ ಕೊಡುತ್ತಿತ್ತು. ಸಿರುಗುಪ್ಪ, ಕುರುಗೋಡು ಕಡೆಯ ರೈತರು "ನಮ್ಮ ಹೊಲದಲ್ಲಿ ಬೀಜ ಬೆಳೆಯುತ್ತೇವೆ" ಎಂದು ಒಂದು ನಮೂನೆ ತುಂಬಿ ಕಳಿಸುವರು. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಸರ್ವೆ ನಂಬರು, ತಳಿ, ನಾಟಿಯ ತಾರೀಕು. ಇಷ್ಟನ್ನು ಕಾಗದದಿಂದ ಹೆಕ್ಕಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಚೌಕಳಿ ಹಾಳೆಗೆ ಇಳಿಸಬೇಕು. ಒಂದು ಚೌಕಕ್ಕೆ ಒಂದೇ ಅಕ್ಷರ. ಅದನ್ನು ನೋಡಿಕೊಂಡು ಹುಡುಗಿಯರು ರಟ್ಟಿನ ಕಾರ್ಡಿಗೆ ತೂತು ಹೊಡೆಯುವರು. ಕಾರ್ಡಿನ ಪೆಟ್ಟಿಗೆ ಬೆಂಗಳೂರಿಗೆ ಹೋದರೆ ಅಲ್ಲಿಯ ಕಂಪ್ಯೂಟರು ಊರುವಾರು ಪಟ್ಟಿ ಅಚ್ಚು ಹಾಕಿ, ಯಾವ ಹೊಲಕ್ಕೆ ತಪಾಸಣೆಯವರು ಯಾವ ವಾರ ಹೋಗಬೇಕೆಂದು ಹೇಳುವುದು.

ಈ ಹೆಕ್ಕುವ ಕೆಲಸಕ್ಕೆ ಅವರು ಬಂದರು. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುತ್ತಿದ್ದು ನಿವೃತ್ತರಾದವರು. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಮೂರೂ ಕಡೆ ಕೆಲಸ ಮಾಡಿದ್ದರು. ಕನ್ನಡ, ತೆಲುಗು, ಉರ್ದು ಮೂರನ್ನೂ ಓದುತ್ತಿದ್ದರು. ಹುಡುಗಿಯರು ಅವರನ್ನು ಮೊದಲ ದಿನವೇ "ತಾತ" ಎಂದರು. ನಾನು ಹಾಗೆ ಕರೆಯಲಿಲ್ಲ. ನಾನು ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವಳು. ಆಫೀಸಿನಲ್ಲಿ ಸಂಬಂಧ ಹಚ್ಚುವುದು ನನಗೆ ಒಪ್ಪಿಗೆ ಇರಲಿಲ್ಲ.

ಆಫೀಸು ತೆರೆಯುವುದು ಒಂಬತ್ತೂವರೆಗೆ. ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಯಾಕೆ ಇಷ್ಟು ಬೇಗ ಎಂದು ಕೇಳಿದರೆ, "ಟಪಾಲು ಬಸ್ಸಿಗಿ ಕಾದು ರೂಢಿ ಆಗೈತ್ರೀ ಅಕ್ಕೋರ. ಈಗ ಬಸ್ಸಿಲ್ಲ, ಕಾಯೋದು ಬಿಟ್ಟಿಲ್ಲ" ಎಂದರು. ಶಿಸ್ತಿನ ಮನುಷ್ಯ ಎಂದು ನನಗೆ ಸಂತೋಷವಾಯಿತು. ಆ ಸಂತೋಷ ಒಂದು ವಾರ ಇತ್ತು.

ಅವರ ಒಂದು ಮಾತಿತ್ತು. "ನಮೂನಿಯಾಗ ಅಚ್ಚಾಗಿದ್ದು ಆಫೀಸಿಂದು, ಬರದಿದ್ದು ಮನಷ್ಯಾಂದು. ನಮಗ ಬೇಕಾಗಿದ್ದು ಮನಷ್ಯಾಂದು." ಕೇಳಲಿಕ್ಕೆ ಚೆನ್ನಾಗಿತ್ತು. ಆದರೆ ಆ ಮನುಷ್ಯರು ಬರೆಯುತ್ತಿದ್ದುದನ್ನು ನೋಡಬೇಕು. ಒಬ್ಬ ತಳಿ ಎಂಬಲ್ಲಿ "ಒಳ್ಳೇದು" ಎಂದು ಬರೆದಿದ್ದ. ಇನ್ನೊಬ್ಬ ವಿಸ್ತೀರ್ಣ ಎಂಬಲ್ಲಿ "ಸಾಕಾಗುವಷ್ಟು". ಮತ್ತೊಬ್ಬ ಸಹಿ ಮಾಡುವ ಜಾಗದಲ್ಲಿ ದುಂಡಗೆ "ಸಹಿ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. ತೆಕ್ಕಲಕೋಟೆಯನ್ನು ಆ ಊರಿನವರೇ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ಹಾಳೆ ಮುಗಿದ ಮೇಲೆ ಬಿಟ್ಟೆ.

ಒಂದು ದಿನ ರಜಿಯಾ ಎಂಬ ಪಂಚಿಂಗ್ ಹುಡುಗಿ ಒಂದು ನಮೂನೆ ಹಿಡಿದುಕೊಂಡು ಬಂದಳು. ಕನ್ನಡದ ಮೂರು, ಆರು ಅವಸರದ ಕೈಯಲ್ಲಿ ಒಂದೇ ಥರ ಕಾಣುತ್ತವೆ. ನಾಟಿಯ ತಾರೀಕು ಹದಿಮೂರೋ ಹದಿನಾರೋ ಅವಳಿಗೆ ತಿಳಿಯದು. ನನಗೂ ತಿಳಿಯಲಿಲ್ಲ. ಅವರು ಒಂದು ಸಲ ನೋಡಿ ಹದಿನಾರು ಎಂದು ಬರೆದರು.

"ಹೇಗೆ ಹೇಳ್ತೀರಿ?" ಎಂದೆ.

"ಈ ಊರಿನ ಕಾಲುವಿಗಿ ನೀರು ಬಿಟ್ಟಿದ್ದ ಹದಿನಾಲ್ಕಕ್ಕ ರೀ. ಹದಿಮೂರಕ್ಕ ನಾಟಿ ಮಾಡಾಕ ಅವ ಏನು ಬಾಯಾಗಿನ ನೀರು ಹಾಕ್ಯಾನೇನು?"

ಹುಡುಗಿಯರೆಲ್ಲ ನಕ್ಕರು. ಐದೂ ಯಂತ್ರ ನಿಂತವು. ನಾನು ಗಡಿಯಾರ ನೋಡಿದೆ, ಯಂತ್ರಗಳು ಮತ್ತೆ ಶುರುವಾದವು.

ಇನ್ನೊಂದು ದಿನ ಊರಿನ ಕಾಲಂ ಖಾಲಿ ಇದ್ದ ನಮೂನೆಗೆ ಅವರು ರೂಪನಗುಡಿ ಎಂದು ತುಂಬಿದ್ದನ್ನು ನಾನು ಹಿಡಿದೆ. ಇಲ್ಲದ್ದನ್ನು ತುಂಬಿದ್ದೇಕೆ ಎಂದು ಕೇಳಿದರೆ, "ಹಿಂದ ನೋಡ್ರಿ" ಎಂದರು. ಹಿಂದೆ ಯಾವುದೋ ಮಗು ಹನ್ನೆರಡರ ಮಗ್ಗಿ ಬರೆದು, ಕೆಳಗೆ ತನ್ನ ಹೆಸರು, ತರಗತಿ, ಶಾಲೆಯ ಹೆಸರು ಬರೆದಿತ್ತು. ರೂಪನಗುಡಿ ಶಾಲೆ. ಮಗ್ಗಿಯಲ್ಲಿ ಒಂದು ತಪ್ಪಿತ್ತು, ಅದನ್ನೂ ಅವರು ತಿದ್ದಿದ್ದರು.

"ಮಗು ಎಲ್ಲಿ ಓದಿದರೂ ಹೊಲ ಇನ್ನೆಲ್ಲೋ ಇರಬಹುದಲ್ಲ?" ಎಂದೆ.

"ಇರಬೌದ್ರಿ. ಆದ್ರ ಇಲ್ಲ."

ಈ "ಆದ್ರ ಇಲ್ಲ" ಎಂಬುದನ್ನು ನಾನು ಯಾವ ಕಾಲಮಿನಲ್ಲಿ ಇಡಲಿ? ಅವರು ಹೇಳಿದ್ದು ಸರಿಯೇ ಇರುತ್ತಿತ್ತು ಎನ್ನುವುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ನಾಳೆ ಅವರಿಲ್ಲದಿದ್ದರೆ ಈ ಕೆಲಸ ಯಾರು ಮಾಡಬೇಕು? ಒಬ್ಬ ಮನುಷ್ಯನ ತಲೆಯೊಳಗೆ ಇರುವುದನ್ನು ನಿಯಮ ಎನ್ನಲಾಗುವುದಿಲ್ಲ. ಆ ಸೋಮವಾರ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಕಿದೆ: "ಕಂಡದ್ದನ್ನು ಕಂಡಂತೆ ಬರೆಯಿರಿ. ಊಹಿಸಬೇಡಿ."

ಅವರು ಹಲಗೆಯ ಮುಂದೆ ನಿಂತು ಕನ್ನಡಕ ಹಣೆಗೇರಿಸಿ ಓದಿದರು.

"ಕಂಡಂಗ ಏನ್ರಿ?"

"ಕಂಡಂತೆ."

"ಹಂಗಾರ ಹಂಗ" ಎಂದು ಹೋಗಿ ಕುಳಿತರು.

ಅದೇ ವಾರ ನಾನು ಇನ್ನೊಂದು ಸುಧಾರಣೆ ಮಾಡಿದೆ. ನಮೂನೆಗಳು ಊರೂರಿನಿಂದ ಕಟ್ಟುಕಟ್ಟಾಗಿ, ಟ್ವೈನು ದಾರದಲ್ಲಿ ಕಟ್ಟಿ ಬರುತ್ತಿದ್ದವು. ಒಳಗೆ ಯಾವ ಕ್ರಮವೂ ಇರುತ್ತಿರಲಿಲ್ಲ, ಅಥವಾ ಇರಲಿಲ್ಲ ಎಂದು ನಾನು ತಿಳಿದಿದ್ದೆ. ದಾರ ಬಿಚ್ಚಿಸಿ, ಎಲ್ಲವನ್ನೂ ರೈತರ ಹೆಸರಿನ ಅಕ್ಷರಮಾಲೆಯ ಪ್ರಕಾರ ಜೋಡಿಸಿ, ಅಂಚು ಸಮ ಮಾಡಿಸಿ, ನಂತರವೇ ಅವರ ಮೇಜಿಗೆ ಕಳಿಸಿದೆ. ಅ ಇಂದ ಹ ವರೆಗೆ ನೋಡಲಿಕ್ಕೆ ಬಹಳ ಅಚ್ಚುಕಟ್ಟಾಗಿತ್ತು.

ಮಧ್ಯಾಹ್ನ ಅವರು ಒಂದು ನಮೂನೆ ಹಿಡಿದು ಬಂದರು. "ಅಕ್ಕೋರ, ಊರು ಅನ್ನೋದ್ರಾಗ ಸದರಿ ಅಂತ ಬಂದೈತಿ. ಏನು ಮಾಡ್ಲಿ?"

ನಾನು ಬೆಂಗಳೂರಿಗೆ ಹೋಗುವ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದೆ. ತಲೆ ಎತ್ತದೆ, "ಹಲಗೆ ನೋಡಿ" ಎಂದೆ.

ಅವರು ಹಲಗೆ ನೋಡಿದರು. ಹೋಗಿ ಚೌಕಳಿ ಹಾಳೆಯಲ್ಲಿ ಎಸ್, ಎ, ಡಿ, ಎ, ಆರ್, ಐ ಎಂದು ಆರು ಮನೆ ತುಂಬಿದರು.

ಓದುವವರಿಗೆ ಇಷ್ಟರಲ್ಲಿ ತಿಳಿದಿರುತ್ತದೆ. ಸದರಿ ಎಂದರೆ ಮೇಲೆ ಹೇಳಿದ್ದೇ. ನಮ್ಮ ಕಡೆ ಅರ್ಜಿ ಬರೆಯುವವರಿಗೆ ಆ ಪದ ತಾಂಬೂಲವಿದ್ದಂತೆ, ಅದಿಲ್ಲದೆ ಬಾಯಿ ನಡೆಯದು. ಊರಲ್ಲಿ ಅಕ್ಷರ ಬಲ್ಲವನೊಬ್ಬ ಕುಳಿತು ಎಲ್ಲರ ನಮೂನೆ ತುಂಬುವನು. ಮೊದಲ ಹಾಳೆಯಲ್ಲಿ ಕರೂರು ಎಂದು ಬರೆದರೆ, ಉಳಿದ ಹಾಳೆಗಳಲ್ಲೆಲ್ಲ ಊರು: ಸದರಿ. ಮೇಲಿನ ಹಾಳೆ ಮೇಲೇ ಇರುವ ತನಕ ಅದು ಸರಿಯಾದ ಮಾತು. ಆ ಮೇಲಿನ ಹಾಳೆಯನ್ನು ನಾನು ಅಕ್ಷರಮಾಲೆಯೊಳಗೆ ಎಲ್ಲಿಗೋ ಕಳಿಸಿಬಿಟ್ಟಿದ್ದೆ.

ಪಟ್ಟಿ ಅಚ್ಚಾಗಿ ಬಂತು. ನಾನು ಅದನ್ನು ಓದಲಿಲ್ಲ. ಪುಟ ಎಣಿಸಿ, ಸೀಲು ಹಾಕಿ, ತಪಾಸಣೆಯವರಿಗೆ ಕಳಿಸಿದೆ.

ಸುಮಾರು ಹದಿನೈದು ದಿನದ ಮೇಲೆ ತಪಾಸಣೆಯ ಅಧಿಕಾರಿ ಮೆಟ್ಟಿಲು ಹತ್ತಿ ಬಂದರು. ಮೈಸೂರು ಕಡೆಯ ಯುವಕ, ಕೆಲಸಕ್ಕೆ ಹೊಸಬ. ತಲೆಯಿಂದ ಬೂಟಿನವರೆಗೆ ಸಿರುಗುಪ್ಪ ರಸ್ತೆಯ ಧೂಳು. ಪಟ್ಟಿಯನ್ನು ನನ್ನ ಮೇಜಿನ ಮೇಲೆ ಬಡಿದರು.

"ಮೇಡಂ, ಈ ಸದರಿ ಅನ್ನೋ ಊರು ಎಲ್ಲಿದೆ?"

ನೋಡಿದೆ. ಸಿರುಗುಪ್ಪ ತಾಲ್ಲೂಕಿನ ಊರುಗಳಲ್ಲೆಲ್ಲ ದೊಡ್ಡದು ಸದರಿ. ಪುಟದ ಮೇಲೆ ಪುಟ. ಕರೂರಿಗೆ ಒಂದೇ ಹೊಲ, ತೆಕ್ಕಲಕೋಟೆಗೆ ಒಂದೇ ಹೊಲ, ಉಳಿದದ್ದೆಲ್ಲ ಸದರಿ.

"ಮೂರು ದಿನದಿಂದ ಹುಡುಕ್ತಿದೀನಿ. ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರನ್ನ ಕೇಳಿದ್ರೆ, ಆ ಊರಿಗೆ ಬಸ್ಸಿಲ್ಲ ಅಂದ. ಇನ್ನೊಬ್ಬ ಹೊಳೆ ಆಚೆ ಇರಬೇಕು ಅಂತ ತೆಪ್ಪ ಹತ್ತಿಸಿದ. ಕೊನೆಗೆ ಒಬ್ಬ ಚಹಾದಂಗಡಿಯವನು ಏನಂದ ಗೊತ್ತಾ? 'ಸದರಿ ಎಲ್ಲೈತಿ ಅಂತ ಹೆಂಗ ಹೇಳ್ಲಿ ಸ್ವಾಮೀ, ಅದಕ್ಕಿಂತ ಮೊದ್ಲು ಯಾವೂರು ಕೇಳಿದ್ರಿ ಹೇಳ್ರಿ' ಅಂದ!"

ಹುಡುಗಿಯರು ಯಂತ್ರದ ಹಿಂದೆ ಮುಖ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. ಅಧಿಕಾರಿ ಕುರ್ಚಿಯಲ್ಲಿ ಕುಳಿತು, ನೀರು ಕುಡಿದು, ಸಿಟ್ಟು ಬಿಟ್ಟು ಹೇಳಿದರು. ಬೀಜದ ಹೊಲವನ್ನು ಹೂವಾಡುವಾಗ ನೋಡಬೇಕು. ಬೆರಕೆ ತೆನೆ ಇದ್ದರೆ ಕಾಣುವುದು ಆಗಲೇ. ಆಗ ನೋಡದ ಹೊಲಕ್ಕೆ ಅವರು ಸಹಿ ಹಾಕುವ ಹಾಗಿಲ್ಲ. ಸಹಿ ಇಲ್ಲದಿದ್ದರೆ ಅದು ಬೀಜವಲ್ಲ, ಬರೀ ಭತ್ತ. ಊರು ತಿಳಿಯದೆ ಹೊಲ ಸಿಗುವುದಿಲ್ಲ, ಯಾಕೆಂದರೆ ನೂರಾ ನಾಲ್ಕನೆಯ ಸರ್ವೆ ನಂಬರು ಎಲ್ಲ ಊರಲ್ಲೂ ಇದೆ.

"ಎಷ್ಟು ದಿನ ಇದೆ?" ಎಂದೆ.

"ಎಂಟು. ಹತ್ತು ಅಂತ ಯಾರಾದ್ರೂ ಅಂದ್ರೆ ನಂಬಬೇಡಿ."

ಅಷ್ಟೂ ರೈತರ ಒಂದು ಹಂಗಾಮಿನ ದುಡಿಮೆ ಎಂಟು ದಿನದಲ್ಲಿ ಬೀಜವಾಗಬೇಕು, ಇಲ್ಲವೆ ಅನ್ನವಾಗಬೇಕು. ಬೆಂಗಳೂರಿಗೆ ತಂತಿ ಕೊಟ್ಟೆ. ಮರುದಿನ ಅಲ್ಲಿಂದ ಒಂದು ಉತ್ತರ ಬಂತು, ತಪ್ಪಿಗೆ ಹೊಣೆಯಾದವರ ಹೆಸರು ತಿಳಿಸಿ ಎಂದು. ಊರಿನ ಹೆಸರಿಗಿಂತ ಅವರಿಗೆ ಅದೇ ಮುಖ್ಯವಾಗಿತ್ತು.

ಅಂಚೆಯ ಆ ಹಿರಿಯರು ನನ್ನ ಮೇಜಿನ ಬಳಿ ಬಂದರು. "ನನ್ನ ಹೆಸರು ಬರ್ದು ಕಳಿಸಿಬಿಡ್ರಿ ಅಕ್ಕೋರ. ನನಗ ಪಿಂಚಣಿ ಐತಿ. ನಿಮಗ ಮುಂದ ಭಾಳ ದಿನ ಐತಿ."

"ನೀವು ಕೇಳಿದ್ರಿ, ನಾನು ಹಲಗೆ ತೋರಿಸಿದೆ" ಎಂದು ನನ್ನ ಹೆಸರು ಬರೆದು ಲಕೋಟೆ ಅಂಟಿಸಿದೆ. ಅವರು ಮಧ್ಯಾಹ್ನ ಕಾಗದದ ಪೊಟ್ಟಣದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಕಡತಗಳ ಮೇಲೆ ಎಣ್ಣೆ ತಿಂಡಿ ಇಡುವುದನ್ನು ನಾನು ಅದುವರೆಗೆ ಯಾರಿಗೂ ಬಿಟ್ಟಿರಲಿಲ್ಲ.

"ಈಗ ಏನು ಮಾಡೋಣ ತಾತ?" ಎಂದೆ. ರಜಿಯಾ ತಿರುಗಿ ನೋಡಿದಳು.

"ಹಲಗಿ ಒರಸ್ರಿ ಮೊದ್ಲು" ಎಂದರು.

ಒರೆಸಿದೆ.

ಆಮೇಲೆ ಅವರು ಮಾಡಿದ್ದನ್ನು ನಾನು ಈಗಲೂ ಕಣ್ಣಮುಂದೆ ತಂದುಕೊಳ್ಳಬಲ್ಲೆ. ಕಾರ್ಡು ಬರುವ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗುಂಟ ಮೂರು ಸಾಲು ಪೇರಿಸಿದರು. ಪ್ರತಿಯೊಂದರ ಬಾಯಿಗೂ ಒಂದು ಊರಿನ ಹೆಸರು. ಎದುರಿಗೆ ಒಂದು ಸ್ಟೂಲು. ನಮೂನೆಗಳ ರಾಶಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ತೆಗೆದು ಬೆನ್ನು ನೋಡಿ, ಮುಖ ನೋಡಿ, ಮಣಿಕಟ್ಟನ್ನು ಚೂರು ತಿರುಗಿಸಿ ಎಸೆಯುತ್ತಿದ್ದರು. ಕಾಗದ ಗಾಳಿಯಲ್ಲಿ ತೇಲಿ ಸರಿಯಾದ ಪೆಟ್ಟಿಗೆಗೆ ಬೀಳುತ್ತಿತ್ತು. ಫ್ಯಾನು ಆರಿಸಿ ಎಂದಿದ್ದರು. ಬಳ್ಳಾರಿಯ ಆ ಬಿಸಿಯಲ್ಲಿ ಯಾರೂ ತಕರಾರು ಮಾಡಲಿಲ್ಲ.

"ಇದು ಕರೂರಿನ ಕೈ. ಅಲ್ಲಿ ಬರಿಯಾಂವಗ ರ ಅಕ್ಷರಕ್ಕ ಬಾಲ ಹಚ್ಚೋ ಚಾಳಿ ಐತಿ. ಇದು ತೆಕ್ಕಲಕೋಟಿ. ಸಾಲಿ ಮಾಸ್ತರ ಬರ್ದಾನ, ನೋಡು, ಪೂರ್ಣವಿರಾಮ ಇಟ್ಟಾನ. ಹೆಸರಿಗಿ ಯಾಕಲೇ ಪೂರ್ಣವಿರಾಮ? ಇದಕ ಹಸರು ಶಾಯಿ. ಈ ಕಡೆ ಹಸರು ಶಾಯಿ ಇಟ್ಟಾಂವ ಒಬ್ಬನ ಅದಾನ, ಕುರುಗೋಡಿನ್ಯಾಗ, ದೊಡ್ಡ ಅಧಿಕಾರಿ ಆಗಬೇಕಂತ ಆಸಿ ಇತ್ತು ಪಾಪ."

"ತಾತ, ಇದು?" ಎಂದು ರಜಿಯಾ ಒಂದನ್ನು ಹಿಡಿದು ತೋರಿಸಿದಳು. "ಸದರಿ ಬಿಟ್ರ ಒಂದು ತೆಲುಗು ಹೆಸರು, ಹೆಬ್ಬಟ್ಟು, ಇಷ್ಟ ಐತಿ."

"ಉರ್ದು ಓದ್ತಿಯಲ್ಲಲೇ, ತೆಲುಗೂ ಕಲಿ. ಮನಿತನದ ಹೆಸರು ಮುಂದ ಹಾಕ್ಯಾನ. ನಮ್ಮ ಈ ಊರುಗಳೊಳಗ ಆ ಮನಿತನ ಇರೋದು ಎರಡ ಕಡಿ. ಒಂದು ಕಡಿ ಈ ವರ್ಷ ಬೀಜ ಹಾಕಿಲ್ಲ."

ಅವಳು ಆ ಹಾಳೆಯನ್ನು ತಾನೇ ಎಸೆದಳು. ಅದು ಬೇರೆ ಪೆಟ್ಟಿಗೆಗೆ ಬಿತ್ತು. ಅವರು ಎದ್ದು ಹೋಗಿ ತೆಗೆದು ಸರಿಯಾದದ್ದಕ್ಕೆ ಹಾಕಿ, "ಇಪ್ಪತ್ತು ವರ್ಷ ಬೇಕು ಇದಕ" ಎಂದರು.

ನಾಲ್ಕು ದಿನದಲ್ಲಿ ಸದರಿ ಎಂಬ ಊರು ಖಾಲಿಯಾಯಿತು. ಹುಡುಗಿಯರು ಜೊತೆಜೊತೆಗೇ ಹೊಸ ಕಾರ್ಡು ಹೊಡೆದರು. ತಿದ್ದಿದ ಪಟ್ಟಿ ಬೆಂಗಳೂರಿನಿಂದ ಬರುವವರೆಗೆ ಕಾಯುವಂತಿರಲಿಲ್ಲ. ನಾನು ಕೈಯಲ್ಲಿ ಊರುವಾರು ಪಟ್ಟಿ ಬರೆದು ಅಧಿಕಾರಿಗೆ ಕೊಟ್ಟೆ. ಅವರು ತೆಕ್ಕಲಕೋಟೆಯಿಂದ ತಪಾಸಣೆ ಶುರು ಮಾಡಿದರು. ಸೋಮವಾರ ಕರೂರು ಎಂದು ನಿಗದಿಯಾಯಿತು.

ಒಂದೇ ಒಂದು ಹಾಳೆ ಉಳಿಯಿತು.

ಹೆಸರು: ಹುಲಿಗೆಮ್ಮ. ಗಂಡನ ಹೆಸರು: ಸದರಿ. ಊರು: ಸದರಿ.

ಊರನ್ನು ಅವರು ಬೇಗ ಹೇಳಿದರು. ರ ಅಕ್ಷರಕ್ಕೆ ಬಾಲವಿತ್ತು, ಕರೂರು. ಆದರೆ ಕರೂರಿನ ಕಟ್ಟಿನಲ್ಲಿ ಇನ್ನೂ ಇಬ್ಬರು ಹುಲಿಗೆಮ್ಮರಿದ್ದರು, ಮೂವರಿಗೂ ಕಾಲುವೆಯ ಕೆಳಗೇ ಹೊಲ. ಈ ಹಾಳೆಯಲ್ಲಿ ಸರ್ವೆ ನಂಬರಿನ ಮೇಲೆ ಶಾಯಿ ಹರಡಿತ್ತು. ಗಂಡನ ಹೆಸರೊಂದೇ ಗುರುತು. ಅದು ಸದರಿ.

"ಗಂಡನ ಹೆಸರಿಗೆ ಮೇಲೆ ಹೇಳಿದ್ದೇ ಎಂದರೆ ಏನು ತಾತ? ಬೇರೆ ಯಾರದೋ ಗಂಡನನ್ನು ಇವಳಿಗೂ ಹಚ್ಚಿದ್ದಾನಾ?"

"ಹಂಗೇನಾರ ಇದ್ರ ಊರಾಗ ಗದ್ಲ ಆಗಿರ್ತಿತ್ತು" ಎಂದರು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಂಟು ಮಡಿಕೆ. "ಸೊಂಟದಾಗ ಇಟ್ಕೊಂಡು ಬಂದಾಳ. ಇಷ್ಟು ಜ್ವಾಕಿ ಮಾಡಿದ ಕಾಗದ ಇದೊಂದ." ಅವರು ಒಂದು ಕಾಗದದ ಮುಂದೆ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಹೋಗಿ ಕೇಳಬೇಕ್ರಿ. ಡೆಲಿವರಿ ಆಗದ ಕಾಗದ ಆಫೀಸಿನ್ಯಾಗ ಇಟ್ಕೊಂಡು ಉಣ್ಣಾಕ ಆಗಂಗಿಲ್ಲ ನನಗ."

ಭಾನುವಾರ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು. ಅಲ್ಲಿಂದ ಕರೂರಿನ ಬಸ್ಸು. ರಸ್ತೆಯ ಎರಡೂ ಕಡೆ ಭತ್ತ ತೆನೆ ಬಿಚ್ಚಿತ್ತು. ಹಾಲು ಕಾಯಿಸಿದಂಥ ಒಂದು ಸಣ್ಣ ವಾಸನೆ ಬಸ್ಸಿನೊಳಕ್ಕೆ ಬರುತ್ತಿತ್ತು. ನಾನು ದಿನ ಎಣಿಸುತ್ತಿದ್ದೆ.

ಕರೂರಿನಲ್ಲಿ ಅವರು ಹುಲಿಗೆಮ್ಮನ ಮನೆ ಯಾವುದೆಂದು ಕೇಳಲಿಲ್ಲ. "ಕಾಗದಾನ ಎಂಟು ಮಡಿಕಿ ಮಾಡಿ ಸೊಂಟಕ್ಕ ಸಿಗಿಸ್ಕೊಳ್ಳೋ ಹುಲಿಗೆಮ್ಮ ಯಾರು?" ಎಂದು ಕೇಳಿದರು. ಬಾವಿಯ ಹತ್ತಿರ ಇದ್ದವರು ನಕ್ಕು ಹೊಲ ತೋರಿಸಿದರು.

ಹೊಲದಲ್ಲಿ ಐದಾರು ಹೆಂಗಸರು ಬೆರಕೆ ಗಿಡ ಕೀಳುತ್ತಿದ್ದರು. ಹುಲಿಗೆಮ್ಮ ನಲವತ್ತರ ಹೆಂಗಸು, ಸೀರೆ ಮೊಣಕಾಲಿಗೆ ಕಟ್ಟಿದ್ದಳು. ಹೊಲ ತವರಿನಿಂದ ಬಂದದ್ದು, ಅದಕ್ಕೇ ಅವಳ ಹೆಸರಿನಲ್ಲಿದೆ. ಅವರು ಹಾಳೆ ತೋರಿಸಿ ವಿಷಯವೆಲ್ಲ ಬಿಡಿಸಿ ಹೇಳಿದರು.

"ನಾಳಿ ಸಾಹೇಬ್ರು ಬರ್ತಾರ ತಾಯಿ. ಪಟ್ಟಿಯಾಗ ನಿನ್ನ ಗಂಡನ ಹೆಸರು ಇರದಿದ್ರ ನಿನ್ನ ಹೊಲ ಬಿಟ್ಟು ಹೋಗ್ತಾರ. ಅವನ ಹೆಸರೇನು, ಒಂದು ಹೇಳಿಬಿಡು."

ಅವಳು ಸೆರಗು ಬಾಯಿಗೆ ಹಿಡಿದಳು. "ಅಯ್ಯ, ನಾ ಹೆಂಗ ಹೇಳ್ಲಿರಿ!"

"ಅವನಾರ ಎಲ್ಲದಾನ?"

"ಮಗಳ ಊರಿಗಿ ಹೋಗ್ಯಾರ. ಬರೋದು ಬುಧವಾರ."

ಉಳಿದ ಹೆಂಗಸರತ್ತ ತಿರುಗಿದೆ. ಎಲ್ಲರಿಗೂ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಒಬ್ಬ ಮುದುಕಿ, "ನಾವ್ಯಾಕ ಹೇಳ್ಬೇಕ್ರಿ? 'ಬೀಜದ ನೆಲ್ಲು ನನ್ನ ಹೆಸರೀಲಿ ಐತಿ' ಅಂತ ಊರ ತುಂಬಾ ಹೇಳ್ಕೊಂಡು ತಿರಿಗ್ಯಾಳ. ಈಗ ಆಕೀನ ಹೇಳ್ಲಿ" ಎಂದಳು.

ನನಗೆ ತಾಳ್ಮೆ ತಪ್ಪಿತು. "ನೋಡಮ್ಮ, ಇದು ಆಫೀಸಿನ ಕೆಲಸ. ಗಂಡನ ಹೆಸರು ಹೇಳಿದರೆ ಏನಾಗುತ್ತೆ?"

"ಏನೂ ಆಗಂಗಿಲ್ಲ ಏನ್ರಿ?" ಎಂದಳು ಹುಲಿಗೆಮ್ಮ. "ಹಂಗಾರ ನಿಮ್ಮವರ ಹೆಸರು ಹೇಳ್ರಿ ಅಕ್ಕೋರ, ಮೊದ್ಲು ನೀವು."

ಬಾಯಿ ತೆರೆದೆ. ಹನ್ನೆರಡು ವರ್ಷದ ಸಂಸಾರದಲ್ಲಿ ಆ ಹೆಸರನ್ನು ನೂರು ಅರ್ಜಿಯಲ್ಲಿ ಬರೆದಿದ್ದೆ, ಒಂದು ಸಲವೂ ಜೋರಾಗಿ ಹೇಳಿರಲಿಲ್ಲ. ಹಾಗೆ ಹೇಳಿಲ್ಲ ಎಂಬುದು ಆ ಕ್ಷಣದವರೆಗೆ ನನಗೇ ಗೊತ್ತಿರಲಿಲ್ಲ. ತಾತ ಮಾತ್ರ ಕಾಲುವೆಯ ಕಡೆ ತಿರುಗಿ, ಅಲ್ಲೇನೋ ಬಹಳ ಮುಖ್ಯವಾದದ್ದು ಹರಿಯುತ್ತಿರುವಂತೆ ನೋಡತೊಡಗಿದರು. ಹೆಂಗಸರು ಗಿಡ ಕೀಳುವುದನ್ನು ಬಿಟ್ಟು ಕಾದರು. ನಾನು ಕೈ ಕಟ್ಟಿ, ನೆಟ್ಟಗೆ ನಿಂತು, ಹೇಳಿದೆ.

"ಸಾಲ್ಯಾಗ ಹಾಜರಿ ಕೂಗಿದಂಗ ಹೇಳಿದ್ರಲ್ಲಬೇ!" ಎಂದು ಮುದುಕಿ ಕೂಗಿದಳು. ಹೊಲವೇ ನಕ್ಕಿತು. "ಗಂಡನ ಹೆಸರು ಹಂಗ ಹೇಳಬಾರದ್ರಿ. ಒಡಪಿನ್ಯಾಗ ಇಟ್ಟು ಹೇಳಬೇಕು. ಏ ಹುಲಿಗಿ, ತೋರ್ಸಬೇ ಅಕ್ಕೋರಿಗಿ!"

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡಳು. ಮೊದಲು ಭತ್ತದ ಕಡೆ ನೋಡಿದಳು, ಆಮೇಲೆ ತನ್ನ ಕಾಲಬೆರಳು ನೋಡಿದಳು. ಒಂದೇ ಉಸಿರಿನಲ್ಲಿ ಹೇಳಿದಳು:

"ಕಾಲುವಿ ನೀರು ಬಂತವ್ವ ಹೊಲಕ, ನೆಲ್ಲೆಲ್ಲಾ ಆತು ಹಸರು,
ನನ್ನ ಹೆಸರಾಗಿನ ಅಮ್ಮನ್ನ ತಗದು ಅಪ್ಪನ್ನ ಇಟ್ರ, ಅದ ನಮ್ಮವರ ಹೆಸರು."

ಅವರು ಕಾಲುವೆಯಿಂದ ತಟ್ಟನೆ ತಿರುಗಿದರು. "ಹುಲಿಗೆಪ್ಪ!"

ಹೆಂಗಸರು ಕೈ ತಟ್ಟಿದರು. ಹುಲಿಗೆಮ್ಮ ಮುಖ ಮುಚ್ಚಿಕೊಂಡಳು. ನಮೂನೆ ಬರೆಯುವವನು ಅಂದು ಕೇಳಿದಾಗಲೂ ಅವಳು ಹೇಳಿದ್ದು ಅದನ್ನೇ ಅಂತೆ, "ನನ್ನ ಹೆಸರ ಅವರ್ದು" ಎಂದು. ಅವನು ಕೇಳಿದ್ದನ್ನು ಕೇಳಿದಂತೆ ಬರೆದಿದ್ದ: ಸದರಿ. ನನ್ನ ಹಲಗೆಯ ನಿಯಮವನ್ನು ನನಗಿಂತ ಮೊದಲೇ ಪಾಲಿಸಿದವನು.

ಅವರು ಬದುವಿನ ಮೇಲೆ ಕುಳಿತು, ಹಾಳೆಯನ್ನು ಮೊಣಕಾಲ ಮೇಲಿಟ್ಟು ಒಂದೊಂದು ಮನೆಗೆ ಒಂದೊಂದು ಅಕ್ಷರ ತುಂಬಿದರು. ಸರ್ವೆ ನಂಬರನ್ನು ಅವಳೇ ಹೇಳಿದಳು, ಅದನ್ನು ಹೇಳಲಿಕ್ಕೆ ಯಾವ ನಾಚಿಕೆಯೂ ಇರಲಿಲ್ಲ. "ಒಡಪು ಭಾಳ ಚಲೋ ಐತಿ ತಾಯಿ. ಆದ್ರ ನಮ್ಮ ಕಾರ್ಡಿನ್ಯಾಗ ಎಂಬತ್ತ ಮನಿ" ಎಂದರು.

ಬಸ್ಸಿಗೆ ಕಾಯುವಾಗ ನಾನು ಸಿರುಗುಪ್ಪದಲ್ಲಿದ್ದ ಅಧಿಕಾರಿಗೆ ಚೀಟಿ ಬರೆದೆ: ಕರೂರು, ಹುಲಿಗೆಮ್ಮ, ಗಂಡ ಹುಲಿಗೆಪ್ಪ, ಕಾಲುವೆಯ ಪಕ್ಕ ಮೊದಲ ಹೊಲ. ಸಿರುಗುಪ್ಪದಲ್ಲಿ ಇಳಿದಾಗ ತಾತ ಹೋಗಿ ಅದನ್ನು ಕೈಗೇ ಕೊಟ್ಟು ಬಂದರು.

ಗುರುವಾರ ತಪಾಸಣೆಯ ವರದಿಗಳು ನಮ್ಮ ಆಫೀಸಿಗೆ ಬಂದವು, ಕಾರ್ಡಿಗೆ ಏರಿಸಲಿಕ್ಕೆ. ಕರೂರಿನದು ಒಂದು ಕಟ್ಟು, ದಾರ ಹಾಕಿದ್ದು. ಆ ದಾರವನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಅವರ ಮೇಜಿಗೆ ಇದ್ದ ಹಾಗೆಯೇ ಕೊಟ್ಟೆ. ಅವರು ಬಿಚ್ಚಿ, ಮೊದಲ ಹಾಳೆ ತೆಗೆದು, ಬೆನ್ನು ನೋಡದೆ ಜೋರಾಗಿ ಓದಿದರು.

"ಹುಲಿಗೆಮ್ಮ, ಗಂಡ ಹುಲಿಗೆಪ್ಪ, ಕರೂರು. ಷರಾ: ಬೆಳೆ ಶುದ್ಧವಾಗಿದೆ. ಬೀಜಕ್ಕೆ ತೇರ್ಗಡೆ."

ಎರಡನೆಯ ಹಾಳೆ ತೆಗೆದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು. ಎದ್ದು ಅವರ ಹತ್ತಿರ ಹೋದೆ.

"ಗಾದಿಲಿಂಗಪ್ಪ, ತಂದೆ ಈರಣ್ಣ" ಎಂದರು. "ಷರಾ..." ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮೈಸೂರಿನ ಆ ದುಂಡನೆಯ ಕೈಯಲ್ಲಿ, ಆ ಊರನ್ನು ಮೂರು ದಿನ ಹುಡುಕಿ ಅಲೆದಿದ್ದ ಮನುಷ್ಯನೇ ಬರೆದಿದ್ದ: ಸದರಿ.

ಅವರು ಮುಂದಿನ ಹೆಸರು ಓದಿದರು. ಷರಾ ಓದಲಿಲ್ಲ, ಹುಡುಗಿಯರ ಕಡೆ ನೋಡಿದರು. ರಜಿಯಾಗೆ ಅರ್ಥವಾಯಿತು. "ಸದರಿ!" ಎಂದಳು. ಇನ್ನೊಂದು ಹೆಸರು. ಈ ಸಲ ಮೂವರು, "ಸದರಿ!" ಯಂತ್ರಗಳು ನಿಂತವು. ಮತ್ತೊಂದು ಹೆಸರು, ಆರೂ ಹುಡುಗಿಯರು, "ಸದರಿ!" ಹೆಸರಿನ ಮೇಲೆ ಹೆಸರು, ಕರೂರಿನ ಹೊಲದ ಮೇಲೆ ಹೊಲ, ಅವರು ಒಂದೊಂದೇ ಹಾಳೆ ಎತ್ತಿ ಕೂಗುತ್ತಿದ್ದರು. ರಸ್ತೆಯಲ್ಲಿ ಹೋಗುವವರು ನಿಂತು ನಮ್ಮ ಮಹಡಿಯ ಕಡೆ ನೋಡಿದರು. ಕಿಟಕಿ ಮುಚ್ಚಬೇಕಿತ್ತು. ನನಗೆ ಪುರಸೊತ್ತಿರಲಿಲ್ಲ, ಕಟ್ಟಿನಲ್ಲಿ ಇನ್ನೂ ಬಹಳ ಹಾಳೆಗಳಿದ್ದವು, ನಾನೂ ಕೂಗುತ್ತಿದ್ದೆ.